ಅಕ್ಕನ ವಾಚಿಗೊಂದು ಚಕ್ರ

ನಮ್ಮ ಭಾವನವರಿಗೆ ದೈವಭಕ್ತಿ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಆದರೆ ತೀರ್ಥವನ್ನು ಮಾತ್ರ ಮೂಸಿ ನೋಡಿಯೇ ಕುಡಿಯುತ್ತಾರೆ! ದುದ್ದದ ಸಂತೆಯಲ್ಲಿ ಡಜನ್ ಬಾಳೆಹಣ್ಣು ಕೊಂಡರೆ ಮೂರು ಸಲ ಎಣಿಸುತ್ತಾರೆ. ಮೂರು ಸಲವೂ ಹನ್ನೆರಡೇ ಬಂದರೆ, "ಇದ್ರಲ್ಲಿ ಏನೋ ಐತೆ" ಎಂದು ನಾಲ್ಕನೆಯ ಸಲ ಎಣಿಸುತ್ತಾರೆ.

ಇಂಥವರು ನಂಬಿದ್ದು ಒಂದನ್ನೇ: ನಮ್ಮಕ್ಕನ ಕೈಗಡಿಯಾರ. ಅಕ್ಕ ಅರಕಲಗೂಡಿನಲ್ಲಿ ನರ್ಸಾಗಿದ್ದವಳು. ಮೊದಲ ಸಂಬಳದಲ್ಲಿ ಕೊಂಡ, ದಿನಾ ಕೀ ಕೊಡಬೇಕಾದ ಪುಟ್ಟ ವಾಚು ಅದು. ಭಾವನಿಗೆ ಎದೆನೋವು ಬಂದುಹೋದ ಮೇಲೆ, ಹೊಳೇನರಸೀಪುರದ ಮನೆಯಲ್ಲಿ ಪ್ರತಿ ಬೆಳಗ್ಗೆ ಕಾಫಿಗೆ ಮುಂಚೆ ಅಕ್ಕ ಅವರ ಕೈ ಹಿಡಿದು, ಆ ವಾಚಿನ ಸೆಕೆಂಡು ಮುಳ್ಳು ನೋಡುತ್ತ ನಾಡಿ ಎಣಿಸುತ್ತಿದ್ದಳು. ಒಂದು ದಿನ ವಾಚು ನಿಂತಿತು. ಅಕ್ಕ ಬೆರಳಿಗೆ ಸಿಕ್ಕಿಸಿದರೆ ನಾಡಿ ತೋರಿಸುವ ಮಿಷನ್ ತಂದಳು. ಅದನ್ನು ಅವರ ಬೆರಳಿಗೆ ಕಚ್ಚಿಸಿ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

"ಬಟ್ಟೆಗಾಕೋ ಕ್ಲಿಪ್ಪು ನನ್ ಎದೆ ಇಚಾರ ಏನೇಳ್ತದೆ? ವಾಚೇ ಬೇಕು!" ಭಾವ ಹಟ ಹಿಡಿದರು.

ಚನ್ನರಾಯಪಟ್ಟಣದ ರಿಪೇರಿಯವನು ವಾಚು ಬಿಚ್ಚಿ, "ಒಳಗಿನ ಚಕ್ರ ಓಗ್ಬುಟ್ಟದೆ ಸಾ. ಈ ಮಾಲು ಬರೋದು ನಿಂತು ಯಾವ್ ಕಾಲಾಯ್ತು! ಉಡುಕ್ತೀನಿ" ಎಂದ. ಹುಡುಕುತ್ತೀನಿ ಎಂದನಲ್ಲ, ಅಲ್ಲಿಗೆ ಭಾವನಿಗೆ ಅನುಮಾನ. ಅವನಿಗೆ ಗೊತ್ತಾಗದಂತೆ ತಾವೇ ಕೊಳ್ಳಲು ಬಸ್ಸು ಹತ್ತಿ ಹಾಸನದ ನಮ್ಮ ಮನೆಗೆ ಬಂದರು. ಅವರ ಹತ್ತಿರವೇ ಫೋನಿಲ್ಲವೇ? ಇದೆ!

"ಕಳ್ರು ನುಗ್ಗಿದ್ರೆ ನಿನ್ ಫೋನಿಗೇ ನುಗ್ಲಿ ಕಣಮ್ಮಿ."

ಆನ್‌ಲೈನ್ ಹರಾಜಿನಲ್ಲಿ ಚಕ್ರ ಸಿಕ್ಕಿತು. ಬೇಳೆಯಷ್ಟು ವಸ್ತು, ಫೋಟೋದಲ್ಲಿ ಎತ್ತಿನಗಾಡಿ ಚಕ್ರದಷ್ಟಿತ್ತು. ನಾನು ವಿವರ ಓದಿದೆ: ಅತಿ ಅಪರೂಪ, ಹಳೆಯದು, ಬಳಸಿಲ್ಲ, ಪರೀಕ್ಷಿಸಿಲ್ಲ.

"ಬಳಸ್ದೆ ಅದೆಂಗ್ ಹಳೇದಾಯ್ತು? ಪರೀಕ್ಷೆ ಮಾಡಿಲ್ಲ ಅಂದ್ರೆ, ಮಾಡವ್ನೆ, ಫೇಲಾಗೈತೆ ಅಂತ!" ಎಂದರು ಭಾವ. ಆದರೂ ಬೇರೆಲ್ಲೂ ಇರಲಿಲ್ಲವಲ್ಲ, ಕೂಗಲೇಬೇಕಾಯಿತು. ನಾನು ಬೆಲೆ ಒತ್ತಿದ್ದೇ ತಡ, "ಈಗ ಫೋನ್ ಮಕಾಡೆ ಹಾಕು. ಎದ್ದು ನಡಿ. ತಿರುಗಿ ನೋಡ್ಬ್ಯಾಡ" ಎಂದು ಅಪ್ಪಣೆಯಾಯಿತು. ಸಂತೆಯಲ್ಲಿ ಹಾಗೆ ತಾನೇ? ಅರ್ಧ ಬೆಲೆ ಹೇಳಿ ನಾಲ್ಕು ಹೆಜ್ಜೆ ನಡೆದರೆ ವ್ಯಾಪಾರಿಯೇ ಕೂಗಿ ಕರೆಯುತ್ತಾನೆ! ಇಬ್ಬರೂ ಹಿತ್ತಿಲಿಗೆ ಹೋಗಿ ಕರಿಬೇವಿನ ಗಿಡ ನೋಡುತ್ತ ನಿಂತೆವು. ಬಂದು ನೋಡಿದರೆ ಬೆಲೆ ಏರಿದೆ! ಯಾರೋ ಇನ್ನೊಬ್ಬ ನಮ್ಮ ಬೆಲೆಯ ಮೇಲೆ ಕೂಗಿದ್ದ.

"ಮಾರೋನ ಭಾಮೈದ ಇರ್ಬೇಕು. ದನದ ಜಾತ್ರೇಲಿ ಎಷ್ಟ್ ನೋಡಿಲ್ಲ ಇಂಥೋರ್ನ!" ಭಾವ ಹಲ್ಲು ಕಡಿದರು. ನಾವು ಏರಿಸಿದೆವು, ಆ ಭಾಮೈದನೂ ಏರಿಸಿದ. ಕೊನೆಗೆ ಎರಡು ಹೊಸ ವಾಚಿನ ಬೆಲೆಗೆ ಒಂದು ಬೇಳೆಯನ್ನು ಗೆದ್ದೆವು!

ಪೊಟ್ಟಣ ಬಂತು. ಚನ್ನರಾಯಪಟ್ಟಣಕ್ಕೆ ಭಾವನ ಜೊತೆ ನಾನೂ ಹೋದೆ. ರಿಪೇರಿಯವನು ಕಣ್ಣಿಗೆ ಮಸೂರ ಸಿಕ್ಕಿಸಿ ನೋಡಿದವನೇ ತಲೆಯ ಮೇಲೆ ಕೈಯಿಟ್ಟ.

"ಅಯ್ಯೋ ಸಾ, ತುಕ್ಕು ಹಿಡ್ದದೆ. ಅದೂ ಗಂಡಸ್ರ ವಾಚಿಂದು, ನಿಮ್ದುಕ್ಕೆ ಕೂರಕಿಲ್ಲ. ಫೋಟೋ ನೋಡಿ ನಾನೂ ಮೋಸೋಗಿ, ನಿಮ್ ವಾಚಿಗೇ ಅಂತ ಇದುನ್ನೇ ಕೂಗಿದ್ದೆ. ಯಾವನೋ ಲಫಂಗ ಏರಿಸ್ತಾನೇ ಓದ, ಬಿಟ್ಬುಟ್ಟೆ."

ಲಫಂಗ ಚಕ್ರವನ್ನೂ ವಾಚನ್ನೂ ಎತ್ತಿಕೊಂಡು ಬಸ್ಸಿನ ಕಡೆ ನಡೆದ. ಹೊಳೇನರಸೀಪುರದ ಬಸ್ಸಿನಲ್ಲಿ ಕಂಡಕ್ಟರು ಕೊಟ್ಟ ಚಿಲ್ಲರೆಯನ್ನು ಭಾವ ನೋಡದೆ ಜೇಬಿಗೆ ಹಾಕಿಕೊಂಡಾಗ ನನಗೆ ನಿಜವಾಗಿ ಗಾಬರಿಯಾಯಿತು. ಸುದ್ದಿ ಕೇಳಿ ಅಕ್ಕ ಹೊಟ್ಟೆ ಹಿಡಿದು ನಕ್ಕಳು. ನಿಂತ ವಾಚನ್ನೇ ಕೆಡದ ವಾಚಿನಂತೆ ಕೈಗೆ ಕಟ್ಟಿಕೊಂಡಳು.

ಮರುದಿನ ಬೆಳಗ್ಗೆ ಭಾವ ತಾವಾಗಿಯೇ ಮಿಷನ್‌ಗೆಂದು ಬೆರಳು ಚಾಚಿ ಕೂತರು. ಅಕ್ಕ ಮಿಷನ್ ತರಲಿಲ್ಲ. ಪಕ್ಕದಲ್ಲಿ ಕೂತು ಅವರ ಕೈ ಹಿಡಿದು, ತನ್ನ ವಾಚಿನ ಕಡೆ ನೋಡತೊಡಗಿದಳು.

"ಅದು ನಿಂತದಲ್ಲೇ?"

"ಸುಮ್ಕಿರ್ರೀ, ಎಣಿಸ್ತಾ ಇವ್ನಿ."

ಬಹಳ ಹೊತ್ತಾಯಿತು. ಒಂದು ನಿಮಿಷಕ್ಕಿಂತ ಎಷ್ಟೋ ಹೆಚ್ಚು.

"ಎಪ್ಪತ್ತೆರಡು" ಎಂದಳು ಅಕ್ಕ.

"ಸರಿಯಾಗೈತೆ" ಎಂದರು ಭಾವ. ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅಕ್ಕನೂ ಬಿಡಲಿಲ್ಲ. ನಾನೇ ಎದ್ದು ಹೋಗಿ ಕಾಫಿಗೆ ಹಾಲಿಟ್ಟೆ.