ಭಾಷಣ ಮಾಡಿ ಕೆಟ್ಟ ಚಂದ್ರಕಾಂತ

ಚಂದ್ರಕಾಂತನ ಆ ದಿನದ ಫಜೀತಿಗೆಲ್ಲ ಮೂಲ, ಅವನು ಬೆಳಿಗ್ಗೆ ಚಹಾ ಕುಡಿಯುತ್ತ ಅಂದ ಒಂದು "ಹೂಂ". ಯಾವುದಕ್ಕೆ ಹೂಂ ಅಂದೆನೆಂದು ತಿಳಿಯುವಷ್ಟರಲ್ಲಿ ಮಾತು ಕೊಟ್ಟಾಗಿತ್ತು.

"ಮತ್ತ ಮರೀಬ್ಯಾಡ್ರಿ," ಎಂದಳು ಹೆಂಡತಿ ಅಹಲ್ಯಾ. "ನಾಂಪಲ್ಲಿ ಎಕ್ಸಿಬಿಷನ್ ಇವತ್ತ ಕಡೀ ದಿನ. ನಮ್ಮವ್ವ ರಾಯಚೂರಿಂದ ಬಂದಾಗಿಂದ ಈ ಬೇಗಂಪೇಟಿ ಬಾಲ್ಕನಿ ಬಿಟ್ಟು ಏನೂ ನೋಡಿಲ್ಲ. ಸಂಜಿ ಐದಕ್ಕ ಬರಲಿಲ್ಲಂದ್ರ, ನಿಮ್ಮ ಆಫೀಸಿನ ಮಂದಿ ನೌಕರಿ ಬಿಡ್ತಾರಲ್ಲ, ಹಂಗ ನಾನೂ ಬಿಟ್ಟು ನಾಳಿ ಅವ್ವನ ಸಂಗಾಟ ಹೊಂಟೆ."

ಅತ್ತೆ ಅಂಬುಬಾಯಿ ಅಳಿಯನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು, ಅಷ್ಟೇ. ಬೈದಿದ್ದರೇ ವಾಸಿಯಿತ್ತು.

ಐಟಿ ಕಂಪನಿಗಳು ಅಣಬೆಯಂತೆ ಏಳುತ್ತಿದ್ದ ಕಾಲ. ಚಂದ್ರಕಾಂತನ ಆಫೀಸಿನಲ್ಲಿ ವಾರಕ್ಕೊಬ್ಬರು ರಾಜೀನಾಮೆ ಒಗೆದು ಹೋಗುತ್ತಿದ್ದರು. ಗಾಬರಿಯಾದ ದೊಡ್ಡವರು, 'ನೌಕರರು ಯಾಕೆ ಬಿಟ್ಟು ಹೋಗುತ್ತಾರೆ, ಮನೆ-ಆಫೀಸು ಎರಡನ್ನೂ ತೂಗಿಸುವುದು ಹೇಗೆ' ಎಂದು ಅದೇ ಮಧ್ಯಾಹ್ನ ಒಬ್ಬ ತಜ್ಞರ ಉಪನ್ಯಾಸ ಇಡಿಸಿದ್ದರು. ತಜ್ಞರು ಬರಲಿಲ್ಲ. ಹೆಂಡತಿಯ ಹುಟ್ಟುಹಬ್ಬವಂತೆ!

ಮೈಸೂರಿನ ಕಡೆಯ ಮ್ಯಾನೇಜರ್ ಗುರುರಾಜ, ಚಂದ್ರಕಾಂತನ ಹೆಗಲ ಮೇಲೆ ಕೈಯಿಟ್ಟರು. "ಕನ್ನಡದೋರು ಕನ್ನಡದೋರಿಗೆ ಆಗ್ದೆ ಇನ್ಯಾರಿಗಾಗ್ತಾರೆ? ಹತ್ತು ನಿಮಿಷ ಮಾತಾಡಿಬಿಡಿ. ಐದು ಗಂಟೆಗೆ ನಾನೇ ನಿಮ್ಮನ್ನ ಮನೆಗೆ ಕಳಿಸ್ತೀನಿ."

ಐದು ಗಂಟೆ ಎಂಬ ಮಾತು ಕೇಳಿದ್ದೇ ತಡ, ಚಂದ್ರಕಾಂತನಿಗೆ ಹುರುಪು ಬಂತು. ವೇದಿಕೆ ಹತ್ತಿದವನು ತೆಲುಗು, ಹಿಂದಿ, ಇಂಗ್ಲಿಷ್ ಮೂರನ್ನೂ ಕಲಸಿ ಬಾರಿಸಿಯೇ ಬಿಟ್ಟ.

ಸಂಬಳ ಸಾಲದೆ ಯಾರೂ ಬಿಡುವುದಿಲ್ಲ, ಎಂದ. ಮೊನ್ನೆ ತಾನು ಬೆಳಕಿರುವಾಗಲೇ ಮನೆಗೆ ಹೋದರೆ, ನಾಲ್ಕು ವರ್ಷದ ಮಗಳು ಪೂರ್ವಿ ಬಾಗಿಲು ತೆಗೆದು "ಅಮ್ಮಾ, ಯಾರೋ ಬಂದಾರ" ಎಂದು ಒಳಗೆ ಓಡಿದಳು, ಎಂದ. ಎದ್ದು ಹೋಗಿ ನಿಮ್ಮ ಮನೆಯವರ ಮುಖ ನೋಡಿ, ಕೆಲಸ ಎಲ್ಲಿಗೂ ಓಡುವುದಿಲ್ಲ, ಎಂದು ಮುಗಿಸಿದ.

ಚಪ್ಪಾಳೆಗೆ ಕಿಟಕಿ ನಡುಗಿತು. ಪಕ್ಕದ ಸೀಟಿನ ಕೋಕಿಲಾ ಮೂಗೊರೆಸಿಕೊಳ್ಳುತ್ತ, "ಕರುಳು ಚುರ್ ಅಂತು ಕಣ್ರೀ. ನನ್ನ ಮಗ ಅಜ್ಜಿ ಮನೇಲಿದಾನೆ, ಈಗ್ಲೇ ಹೊರಟೆ" ಎಂದು ಚೀಲ ಎತ್ತಿಕೊಂಡಳು. ಅವಳ ಹಿಂದೆ ಒಬ್ಬ, ಅವನ ಹಿಂದೆ ಇಬ್ಬರು. ಚಂದ್ರಕಾಂತ ಮದುವೆಮನೆಯ ಯಜಮಾನನಂತೆ ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕಿ ಬೀಳ್ಕೊಟ್ಟ. ಕೊನೆಗೆ ತಾನೂ ಹೆಲ್ಮೆಟ್ಟಿಗೆ ಕೈ ಹಾಕಿದ.

"ಅರೆ, ನೀವೆಲ್ಲಿಗೆ?" ಎಂದರು ಗುರುರಾಜ. ಅವರ ಹೆಗಲಿಗೂ ಚೀಲ ಏರಿತ್ತು. "ಆರು ಗಂಟೆಗೆ ಅಮೆರಿಕದ ಕ್ಲೈಂಟ್ ಫೋನಿದೆಯಲ್ರೀ!"

"ಸರ್, ಐದಕ್ಕ ಕಳಸ್ತೀನಿ ಅಂದಿದ್ರಿ..."

"ಅಂದಿದ್ದೆ. ಆದ್ರೆ ನೀವೇ ಎಲ್ಲರನ್ನೂ ಓಡಿಸಿಬಿಟ್ರಿ, ಇನ್ಯಾರನ್ನ ಕೂರಿಸ್ಲಿ? ನಾನೇ ಕೂರ್ತಿದ್ದೆ. ನಿಮ್ಮ ಮಾತು ಕೇಳಿದ್ಮೇಲೆ ಮನಸ್ಸು ತಡೀತಿಲ್ಲ. ಹೆಂಡತಿ ಮುಖ ಸರಿಯಾಗಿ ನೋಡಿ ಎಷ್ಟು ದಿನವಾಯ್ತೋ!" ಎಂದು ಕಣ್ಣೊರೆಸಿಕೊಂಡು ಲಿಫ್ಟಿನೊಳಗೆ ನುಗ್ಗಿದರು.

ಖಾಲಿ ಆಫೀಸಿನಲ್ಲಿ ಚಂದ್ರಕಾಂತ ಮಂಕು ಬಡಿದು ಕುಳಿತ. ಆರಕ್ಕೆ ಅಮೆರಿಕದವನ ಫೋನು ಬಂತು. ಮಗನನ್ನು ಶಾಲೆಗೆ ಬಿಟ್ಟು ಬರುತ್ತೇನೆ, ಒಂದು ಗಂಟೆ ಕಾಯಿರಿ ಎಂದು ಹೇಳಿ ಅವನೂ ಇಟ್ಟುಬಿಟ್ಟ.

ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ಅಹಲ್ಯಾ! ಹಿಂದೆ ಜಾತ್ರೆಯಂಥ ಗದ್ದಲ.

"ನಾವ ಆಟೋ ಮಾಡ್ಕೊಂಡು ಎಕ್ಸಿಬಿಷನ್‌ಗೆ ಬಂದೀವಿ. ಇಲ್ಲಿ ಯಾರ ಸಿಕ್ಕಾರ ಹೇಳ್ರಿ? ನಿಮ್ಮ ಗುರುರಾಜ ಸಾಹೇಬ್ರು! ಹೆಂಡ್ತಿಗೆ ಬಳಿ ಕೊಡಸಾಕತ್ತಾರ. ಪೂರ್ವಿಗೆ ಬೊಂಬಿ, ಅವ್ವಗ ಬಿಸಿಬಿಸಿ ಮಿರ್ಚಿ ಭಜಿ ಕೊಡಿಸಿದ್ರು. ಎಂಥಾ ಛಲೋ ಮನಷಾ ಅಂತೀರಿ!"

"ಅಹಲ್ಯಾ, ನಾ ಇಲ್ಲಿ ಸಿಕ್ಕೊಂಡದ್ದು ಅವರಿಂದನ..."

"ಅವರ ಮ್ಯಾಲ ಹಾಕಬ್ಯಾಡ್ರಿ! ನಮ್ಮವರು ಯಾಕ ಬರಲಿಲ್ರೀ ಅಂತ ನಾನ ಕೇಳಿದೆ. ಪಾಪ, ಅವರೂ ಬ್ಯಾಸರ ಮಾಡ್ಕೊಂಡ್ರು. 'ಏನ್ಮಾಡೋದಮ್ಮಾ, ಆಫೀಸ್ನಲ್ಲಿ ಒಬ್ರೂ ಇಲ್ಲ, ಆದ್ರೂ ಅವ್ರೊಬ್ರು ಕೂತಿದಾರೆ' ಅಂದ್ರು."

ಚಂದ್ರಕಾಂತ ಹೆಲ್ಮೆಟ್ಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ನಾಳಿ ಮುಂಜಾನಿ ಗಾಡಿಗೆ ನಾ, ಅವ್ವ, ಪೂರ್ವಿ ರಾಯಚೂರಿಗೆ ಹೊಂಟೀವಿ," ಎಂದಳು ಅಹಲ್ಯಾ. "ಅಲ್ಲೀತನಾ ನೀವು ಆ ಸಾಹೇಬ್ರ ಕಡೆ ಸಂಸಾರ ಮಾಡೂದು ಹ್ಯಾಂಗಂತ ಕಲ್ತು, ಆಮ್ಯಾಲ ಕರಿಯಾಕ ಬರ್ರಿ."