ಎರಡು ಫೇಸಿನ ಹಿಟ್ಟು

ದುರ್ಗಿಗುಡಿಯ ಧರ್ಮೇಂದ್ರನ ಹಿಟ್ಟಿನ ಗಿರಣಿಗೆ ಕಂಬದಿಂದ ಮೂರು ಫೇಸ್ ಕರೆಂಟು ಬರುತ್ತಿತ್ತು. ಅವತ್ತು ಬೆಳಿಗ್ಗೆ ಎರಡೇ ಬಂತು. ಬೀದಿಯ ಮನೆಗಳಿಗೆ ಏನೂ ಆಗಿರಲಿಲ್ಲ, ಗಿರಣಿಯ ಲೈನಿನಲ್ಲಿ ಮಾತ್ರ ತೊಂದರೆ. ಮೋಟರಿನ ವೇಗ ನೋಡಿಕೊಳ್ಳುವ ಡ್ರೈವ್ ಪೆಟ್ಟಿಗೆ ಕೆಂಪಕ್ಷರದಲ್ಲಿ ಏನೋ ತೋರಿಸಿ, ಮುನಿಸಿಕೊಂಡ ಬೀಗರ ಹಾಗೆ ಸುಮ್ಮನಾಯಿತು.

ಧರ್ಮೇಂದ್ರ ಫೋನಿನಲ್ಲಿ ದೂರು ಕೊಟ್ಟ. ಲೈನ್‌ಮನ್ ಬರುತ್ತಾರೆ, ಕಾಯಿರಿ ಎಂದರು. ಹತ್ತು ಗಂಟೆಗೆ ಮೆಸ್ ನಡೆಸುವ ಹೂವಮ್ಮ ಬಂದು, ಇನ್ನೂ ಚೀಲದಲ್ಲೇ ಇದ್ದ ತಮ್ಮ ಮೂವತ್ತು ಕೆಜಿ ಅಕ್ಕಿಯ ಪಕ್ಕ ಕುಳಿತರು.

"ಸಂಜೆ ಅರವತ್ತು ಹುಡುಗ್ರಿಗೆ ರೊಟ್ಟಿ ತಟ್ಬೇಕು ಮಾರಾಯ. ಆಗಲ್ಲ ಅಂದ್ರೆ ಹೇಳ್ಬಿಡು, ಗೋಪಾಳದ ಗಿರಣಿಗೆ ಕೊಡ್ತೀನಿ. ಆಮೇಲೆ ಅಲ್ಲೇ ಅಭ್ಯಾಸ ಆದ್ರೆ ಬೇಜಾರು ಮಾಡ್ಕೋಬೇಡ."

ಪಕ್ಕದ ಮನೆಯ ನಿವೃತ್ತ ಸಂಸ್ಕೃತ ಮೇಷ್ಟ್ರು ಉಮಾಮಹೇಶ್ವರ ಗೇಟಿನಿಂದಲೇ ಸಲಹೆ ಕೊಟ್ಟರು. "ಆಫ್ ಮಾಡಿ, ಹನ್ನೆರಡು ಎಣಿಸಿ, ಆನ್ ಮಾಡಪ್ಪ. ನಮ್ಮ ಟಿವಿ ಹಾಗೇ ಸರಿಹೋಗತ್ತೆ."

ಧರ್ಮೇಂದ್ರ ಎಣಿಸಿದ. ಪೆಟ್ಟಿಗೆ ಮತ್ತೆ ಕೆಂಪಾಯಿತು.

"ಹಾಗಾದ್ರೆ ಇಪ್ಪತ್ನಾಲ್ಕು ಎಣಿಸು."

ಅದೂ ಆಯಿತು. ಬೆಲ್ಟು ಬಿಗಿಯಾಗಿರಬೇಕು, ಎಳೆದು ನೋಡು ಎಂದರು ಹೂವಮ್ಮ. ಸ್ವಿಚ್ ಆರಿಸಿ ಎಳೆದವನು ಕಾಲು ಜಾರಿ, ನಿನ್ನೆಯ ರಾಗಿಹಿಟ್ಟಿನ ಡಬ್ಬದಲ್ಲಿ ಕುಳಿತ.

ಕೊನೆಗೆ ಅವನು ಭದ್ರಾವತಿಯ ಉಜ್ಜನಪ್ಪನವರಿಗೆ ಫೋನು ಮಾಡಿದ. ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತರಾದ ಅವರು ಊಟ ಬಿಟ್ಟು ಬಸ್ಸು ಹತ್ತಿ ಬಂದರು.

"ಮೂರು ಜನ ಹೊರೋ ಮೂಟೆಗೆ ಒಬ್ಬ ಬಂದಿಲ್ಲ ಅಂತ ಇದು ಹಟ ಹಿಡಿದಿದೆ," ಎನ್ನುತ್ತಾ ಪೆಟ್ಟಿಗೆಯ ಗುಂಡಿಗಳನ್ನು ಒತ್ತಿದರು. "ಮೂರೂ ಇದ್ರೇನೇ ಓಡೋದು ಅನ್ನೋ ಸೆಟ್ಟಿಂಗ್ ತೆಗ್ದೆ. ಇನ್ಮೇಲೆ ಭಾರ ಅರ್ಧ, ವೇಗ ಅರ್ಧ. ಅವಸರ ಮಾಡಿದ್ರೆ ಡ್ರೈವೇ ಸುಟ್ಟು ಹೋಗುತ್ತೆ. ಲೈನ್‌ಮನ್ ಬರೋವರೆಗೆ ಮಾತ್ರ, ತಿಳೀತಾ?"

ಗಿರಣಿ ಊಟ ಮುಗಿಸಿ ವಾಕಿಂಗ್ ಹೊರಟವರ ಹಾಗೆ ತಿರುಗತೊಡಗಿತು. ಧರ್ಮೇಂದ್ರ ಅಕ್ಕಿಯನ್ನು ಬೊಗಸೆ ಬೊಗಸೆಯಾಗಿ ಸುರಿದ. ಒಂದು ಗಂಟೆಯ ಕೆಲಸಕ್ಕೆ ಮೂರು ಗಂಟೆ ಹಿಡಿಯಿತು. ಹೂವಮ್ಮ ಹಿಟ್ಟು ಹೊತ್ತು ಹೊರಟಾಗ ಅವನ ಕಣ್ಣು ತುಂಬಿತು. ಉಜ್ಜನಪ್ಪನವರನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ, ಮಸಾಲೆ ದೋಸೆ ತಿನ್ನಿಸಿ, ಭದ್ರಾವತಿ ಬಸ್ಸಿನ ಕಿಟಕಿ ಸೀಟಿನಲ್ಲಿ ಕೂರಿಸಿ, ಬಸ್ಸು ಹೊರಡುವವರೆಗೂ ಕೈಮುಗಿದು ನಿಂತ.

ಮರಳಿ ಬರುವಷ್ಟರಲ್ಲಿ ಫೋನಿಗೆ ಸಂದೇಶ ಬಂದಿತ್ತು: ನಿಮ್ಮ ದೂರು ಪರಿಹಾರವಾಗಿದೆ. ಖುಷಿಯಿಂದ ನೋಡಿದರೆ ಫೇಸು ಎರಡೇ ಇತ್ತು. ಲೈನ್‌ಮನ್‌ಗೆ ಫೋನು ಮಾಡಿದ.

"ಕಂಬಕ್ಕೆ ಏಣಿನೂ ಹಾಕಿದ್ದೆ ಸಾರ್. ನಿಮ್ಮ ಬೀದಿಯವ್ರೇ ಇಳಿಸಿದ್ರು. ಎಲ್ಲಾ ಸರಿ ಇದೆ ಅಂತ ಹದಿಮೂರು ಜನ ಸೈನ್ ಮಾಡಿ ಕೊಟ್ರು."

ಗಿರಣಿಯ ಮುಂದೆ ಬೀದಿಯವರೆಲ್ಲ ಸೇರಿದ್ದರು. ಮೇಷ್ಟ್ರು ಮುಂದೆ ಬಂದು ಅವನ ಕೈ ಹಿಡಿದುಕೊಂಡರು. "ನಿನ್ನ ಗಿರಣಿ ಸದ್ದಿಗೆ ಹನ್ನೊಂದು ವರ್ಷದಿಂದ ಆನ್‌ಲೈನ್ ಪಾಠನ ಕಿರುಚಿ ಹೇಳ್ತಿದ್ದೆ. ಇವತ್ತು ಮೆತ್ತಗೆ ಹೇಳಿದೆ ನೋಡಪ್ಪ, ಹುಷಾರಿಲ್ವಾ ಸಾರ್ ಅಂತ ಮಕ್ಕಳು ವಿಚಾರಿಸಿದ್ರು. ನಿನ್ನ ಉಪಕಾರ ಮರೆಯೋಲ್ಲ."

"ನಿಧಾನಕ್ಕೆ ಬೀಸಿದ್ದಕ್ಕೆ ಹಿಟ್ಟು ಬಿಸಿಯಾಗಿಲ್ಲ, ರೊಟ್ಟಿ ಒಂದೂ ಬಿರಿದಿಲ್ಲ," ಎಂದರು ರೊಟ್ಟಿಯ ತಟ್ಟೆ ಹಿಡಿದು ಬಂದಿದ್ದ ಹೂವಮ್ಮ. "ನಾಳೆಯಿಂದ ಅರವತ್ತು ಕೆಜಿ. ಇವ್ರಿಗೆಲ್ಲ ಹೇಳಿದೀನಿ, ಅವ್ರೂ ತಂದಿದಾರೆ."

ಬಾಗಿಲಲ್ಲಿ ಹನ್ನೆರಡು ಚೀಲಗಳಿದ್ದವು.

"ಅಕ್ಕ, ಮೂರು ಫೇಸ್ ಬಂದ್ರೂ ನಿಧಾನಕ್ಕೇ ಓಡಿಸ್ತೀನಿ," ಎಂದ ಧರ್ಮೇಂದ್ರ ದೈನ್ಯದಿಂದ.

"ಬಂದ್ರೆ ನೀನು ಜೋರು ಮಾಡೇ ಮಾಡ್ತೀಯ. ಆಗ ನಾವು ಗೋಪಾಳಕ್ಕೆ."

ಬೈಯಲು ಬಾಯಿ ತೆರೆದ. ಹೂವಮ್ಮ ಅದಕ್ಕೊಂದು ಬಿಸಿ ರೊಟ್ಟಿಯ ಚೂರು ಇಟ್ಟರು. ಬೆಣ್ಣೆಯ ಹಾಗಿತ್ತು.

"ಉಪಕಾರ ಆಯ್ತು ಅಕ್ಕ," ಎಂದು ಧರ್ಮೇಂದ್ರ ಮೊದಲನೇ ಚೀಲದ ಬಾಯಿ ಬಿಚ್ಚಿದ.