ಕುಂಕುಮ ಹಚ್ಚಿದ ಕಾರ್ಡು

ವೇಣುವಿಗೆ ಕ್ರೆಡಿಟ್ ಕಾರ್ಡು ಬೇಕಾಗಿರಲಿಲ್ಲ. ಶಾಪಿಂಗ್ ಮಾಲಿನ ಬಾಗಿಲಲ್ಲಿ ಟೈ ಕಟ್ಟಿದವನೊಬ್ಬ ಗಂಟುಬಿದ್ದಾಗ 'ಬೇಡ' ಎನ್ನಲು ಬಾಯಿ ಬರಲಿಲ್ಲ, ಅಷ್ಟೇ. ಒಮ್ಮೆ ಪೆಟ್ರೋಲ್ ಬಂಕಿನಲ್ಲಿ ಅದನ್ನು ಬಳಸಿ, ಎದೆ ಡವಡವ ಹೊಡೆದುಕೊಂಡದ್ದರಿಂದ ಮತ್ತೆ ಮುಟ್ಟಲಿಲ್ಲ. ಮುಟ್ಟದವರನ್ನು ಬ್ಯಾಂಕು ಸುಮ್ಮನೆ ಬಿಡುತ್ತದೆಯೇ? ತಿಂಗಳಿಗೊಮ್ಮೆ, ಶನಿವಾರ ಮಧ್ಯಾಹ್ನ, ಫೋನು ಬರತೊಡಗಿತು.

"ನಮಸ್ಕಾರ, ಬ್ಯಾಂಕಿಂದ ಶಿಲ್ಪಶ್ರೀ ಮಾತಾಡ್ತಿದೀನಿ. ಊಟ ಆಯ್ತಾ ಸಾರ್?"

ನಲವತ್ತು ದಾಟಿದ ಬ್ರಹ್ಮಚಾರಿ ವೇಣು ಜಯನಗರದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸಕ್ಕಿದ್ದ. ಅಲ್ಲಿ ದಿನವಿಡೀ ಅವನು ಆಡುತ್ತಿದ್ದ ಮಾತೆಂದರೆ 'ಶ್ಶ್'. ಸಂಜೆ ಕುಮಾರಸ್ವಾಮಿ ಲೇಔಟಿನ ಮಹಡಿ ಕೋಣೆಗೆ ಬಂದರೆ ಅದನ್ನೂ ಆಡಲು ಯಾರೂ ಇರಲಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ಅವನಿಗೆ ಊಟ ಆಯಿತೇ ಎಂದು ಕೇಳುತ್ತಿದ್ದವಳು ಅವಳೊಬ್ಬಳೇ.

ಒಮ್ಮೆ ಅವಳು ಕೆಮ್ಮಿದಳು. "ಮೆಣಸಿನ ಕಷಾಯ ಕುಡೀರಿ ಮೇಡಂ" ಎಂದ. ಮುಂದಿನ ತಿಂಗಳು ಅವಳು "ಕಷಾಯ ಕುಡ್ದೆ ಸಾರ್, ಗಂಟಲು ಸರಿಹೋಯ್ತು" ಎಂದಾಗ ವೇಣು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ. ತಾನು ಫೋನು ಮಾಡೋಣವೆಂದರೆ ಬ್ಯಾಂಕಿನ ಆ ನಂಬರಿಗೆ ಇತ್ತಲಿಂದ ಕರೆ ಹೋಗುತ್ತಿರಲಿಲ್ಲ. ಹಾಗಾಗಿ ಕಾಯುವುದೇ ಅವನ ಪಾಲಿಗೆ ಬಂದ ಕೆಲಸ. ಕಾರ್ಡು ಬಳಸಿದರೆ ಅವಳು ಫೋನು ಮಾಡುವುದು ನಿಂತುಹೋದೀತೆಂದು ಹೆದರಿ ಅದನ್ನು ಇನ್ನಷ್ಟು ಜೋಪಾನವಾಗಿ ಬಳಸದೆ ಇಟ್ಟಿದ್ದ.

ಆ ಶನಿವಾರ ಅವಳ ದನಿ ಸ್ವಲ್ಪ ಗಂಭೀರವಾಗಿತ್ತು.

"ಸಾರ್, ವರ್ಷದಿಂದ ಕಾರ್ಡ್ ಮುಟ್ಟಿಲ್ಲ ನೀವು. ಇವತ್ತು ರಾತ್ರಿಯೊಳಗೆ ಒಂದ್ಸಲನಾದ್ರೂ ಯೂಸ್ ಮಾಡ್ದಿದ್ರೆ ಅಕೌಂಟ್ ಕ್ಲೋಸ್ ಆಗೋಗತ್ತೆ."

'ಕ್ಲೋಸ್ ಆದ್ರೆ ನೀವು ಫೋನ್ ಮಾಡಲ್ವಾ?' ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು "ಮಾಡ್ತೀನಿ ಮೇಡಂ" ಎಂದ.

ಫೋನಿಟ್ಟ ಮೇಲೆ ಲೆಕ್ಕ ಹಾಕಿದ. ಒಂದು ಸಲ ಬಳಸಿದರೆ ಅಕೌಂಟು ಉಳಿಯುತ್ತದೆ. ಉಳಿದರೆ ಮತ್ತೆ ಬಳಸದೆ ಇರಬಹುದು. ಬಳಸದೆ ಇದ್ದರೆ ಶಿಲ್ಪಶ್ರೀ ಮತ್ತೆ ಫೋನು ಮಾಡುತ್ತಾಳೆ. ತನ್ನ ಬುದ್ಧಿಗೆ ತಾನೇ ತಲೆದೂಗಿ ಕಾರ್ಡಿಗಾಗಿ ಕೆಳಗಿಳಿದ.

ಕಾರ್ಡು ಇದ್ದದ್ದು ಮನೆಯೊಡತಿ ಮೀನಾಕ್ಷಮ್ಮನವರ ದೇವರ ಮನೆಯಲ್ಲಿ. ಆಯುಧಪೂಜೆಯ ದಿನ ಅವರು ಬಾಡಿಗೆದಾರರ ಸ್ಕೂಟರು, ಮಿಕ್ಸಿ, ಇಕ್ಕಳಗಳ ಜೊತೆ ಅದನ್ನೂ ಕೇಳಿ ಪಡೆದು, ಗಂಧ ತೇದು, ಕುಂಕುಮ ಕಲಸಿ, ಕಾರ್ಡಿನ ಚಿನ್ನದ ಬಣ್ಣದ ಚಿಪ್ಪಿನ ಮೇಲೆಯೇ ದಪ್ಪಗೆ ಬೊಟ್ಟಿಟ್ಟಿದ್ದರು. ಅದೇ ಅದರ ಹಣೆಯೆಂದು ಅವರಿಗೆ ಕಂಡಿತ್ತು. ಆಮೇಲೆ ವಾಪಸು ಕೊಡಲು ಮನಸ್ಸಾಗದೆ ಲಕ್ಷ್ಮಿಯ ಪಟದ ಕೆಳಗೇ ಇಟ್ಟುಕೊಂಡಿದ್ದರು.

"ಈಗ್ಯಾಕೋ ಬೇಕು? ಯಾರಿಗೆ ಏನು ಕೊಡಿಸ್ತೀಯಾ?"

"ಯಾರಿಗೂ ಇಲ್ಲ ಆಂಟಿ. ಶಿಲ್ಪಶ್ರೀ ಅಂತ, ಬ್ಯಾಂಕಿನವರು..."

ಮೀನಾಕ್ಷಮ್ಮನವರ ಕಿವಿಗೆ ಹೆಣ್ಣಿನ ಹೆಸರೊಂದು ಬಿತ್ತು, ಮುಂದಿನದು ಬೀಳಲಿಲ್ಲ. "ತಗೊಂಡೋಗಪ್ಪ, ತಗೊಂಡೋಗು! ಬೊಟ್ಟು ಮಾತ್ರ ಒರಸ್ಬೇಡ, ಶುಭಕಾರ್ಯ" ಎಂದವರೇ ಕಾಂಪೌಂಡಿನ ಮೇಲಿಂದ ಪಕ್ಕದ ಮನೆಯ ಪಾಪಯ್ಯನವರನ್ನು ಕೂಗಿದರು. ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತರಾದ ಪಾಪಯ್ಯನವರಿಗೆ ಯಾರನ್ನಾದರೂ ಎಲ್ಲಿಗಾದರೂ ಮುಟ್ಟಿಸದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ. ವೇಣು ಸ್ಕೂಟರು ಹತ್ತುವಷ್ಟರಲ್ಲಿ ಅವರು ಹಿಂದೆ ಕೂತು "ರೈಟ್, ರೈಟ್" ಎಂದಾಗಿತ್ತು.

ಮೊದಲು ದಿನಸಿ ಅಂಗಡಿ. ಅಂಗಡಿಯವನು ಕಾರ್ಡನ್ನು ಮ್ಯೂಸಿಯಮ್ಮಿನ ಸಾಮಾನಿನ ಹಾಗೆ ನೋಡಿದ.

"ಸ್ಕ್ಯಾನ್ ಮಾಡಿ ಸಾರ್. ಈಗ ಸೊಪ್ಪಿನ ಅಜ್ಜೀನೂ ಸ್ಕ್ಯಾನೇ. ಮೆಷಿನ್ ಮೂಲೆಗೆ ಹಾಕಿ ಯಾವ ಕಾಲವಾಯ್ತು!"

ಔಷಧಿ ಅಂಗಡಿಯಲ್ಲಿ ಮೆಷಿನ್ನಿತ್ತು, ಚಾರ್ಜ್ ಇರಲಿಲ್ಲ. ಬೇಕರಿಯಲ್ಲಿ ಚಾರ್ಜ್ ಇತ್ತು, ನೆಟ್‌ವರ್ಕ್ ಇರಲಿಲ್ಲ. ಆನ್‌ಲೈನಿನಲ್ಲಿ ಏನಾದರೂ ಕೊಳ್ಳೋಣವೆಂದರೆ, ಕಳ್ಳರ ಭಯಕ್ಕೆ ಕಾರ್ಡು ಬಂದ ದಿನವೇ ಆ ಸೌಲಭ್ಯವನ್ನು ಬಂದ್ ಮಾಡಿಸಿದ್ದ. ಹೊತ್ತು ಇಳಿಯುತ್ತಿತ್ತು. ಇನ್ನು ಆ ದನಿ ಕೇಳುವುದಿಲ್ಲವೇನೋ ಎಂದು ನೆನೆದಾಗಲೆಲ್ಲ ವೇಣು ಸ್ಕೂಟರಿನ ವೇಗ ಹೆಚ್ಚಿಸುತ್ತಿದ್ದ.

"ಜಯನಗರ ಫೋರ್ತ್ ಬ್ಲಾಕಿಗೆ ಬಿಡು. ಸೀರೆ ಅಂಗಡೀಲಿ ಕಾರ್ಡ್ ತಗೊಂಡೇ ತಗೋತಾರೆ" ಎಂದರು ಪಾಪಯ್ಯ.

"ನಂಗೆ ಒಂದು ಕರ್ಚೀಫ್ ಸಾಕು ಅಂಕಲ್."

"ಹುಡುಗಿಗೆ ಯಾರಾದ್ರೂ ಕರ್ಚೀಫ್ ಕೊಡ್ತಾರೇನಯ್ಯಾ? ಇನ್ನೂ ಮದ್ವೆ ಆಗಿಲ್ಲ ನಿಂಗೆ, ಯಾಕೇಂತ ಈಗ ಗೊತ್ತಾಯ್ತು!"

ಅಂಗಡಿಯವನು ಮೆತ್ತೆಯ ಮೇಲೆ ಸೀರೆ ಹರಡುತ್ತ ಕೇಳಿದ, "ಮೇಡಂ ಬಣ್ಣ ಹೇಗೆ ಸಾರ್? ಬಿಳುಪಾ, ಗೋಧಿ ಬಣ್ಣಾನಾ?"

ವೇಣು ಅವಳ ಮುಖವನ್ನೇ ಕಂಡಿರಲಿಲ್ಲ. "ದನಿ ಸ್ವಲ್ಪ ಮೆತ್ತಗಿದೆ" ಎಂದ.

ಅಂಗಡಿಯವನು ಪಾಪಯ್ಯನವರ ಮುಖ ನೋಡಿದ. ಪಾಪಯ್ಯ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದರು. ವೇಣು ಮಾತ್ರ ಸೀರೆಗಳನ್ನು ಒಂದೊಂದಾಗಿ ನೋಡುತ್ತಾ, ಎಳೆ ಮಾವಿನೆಲೆಯ ಬಣ್ಣದ್ದೊಂದರ ಮೇಲೆ ಕೈಯಿಟ್ಟ. 'ಕಷಾಯ ಕುಡ್ದೆ ಸಾರ್' ಎಂದವಳು ಇದನ್ನೇ ಉಟ್ಟಿದ್ದಿರಬೇಕು ಎಂದು ಅವನಿಗೆ ಅನ್ನಿಸಿತು. ಕೊಡುವುದು ಎಲ್ಲಿ, ಯಾರಿಗೆ ಎಂದು ಗೊತ್ತಿಲ್ಲದಿದ್ದರೂ ಅದನ್ನು ಬಿಟ್ಟುಬರಲು ಮನಸ್ಸಾಗಲಿಲ್ಲ.

ಬಿಲ್ಲಿನ ಹತ್ತಿರ ಮೆಷಿನ್ನು ಕಾರ್ಡನ್ನು ನುಂಗಿ, ಕೀ ಎಂದು ಉಗುಳಿತು.

"ಇದೇನ್ ಸಾರ್, ಚಿಪ್ ಮೇಲೆ ಕುಂಕುಮ!" ಎಂದಳು ಕ್ಯಾಶಿನಲ್ಲಿದ್ದವಳು. "ಹಳೇ ಕಾರ್ಡು, ಟ್ಯಾಪೂ ಆಗಲ್ಲ."

ಗಂಧದ ಜೊತೆ ಒಣಗಿದ ಬೊಟ್ಟು ಸಿಮೆಂಟಿನಂತೆ ಕೂತಿತ್ತು. ಉಗುರಿಗೆ ಬರಲಿಲ್ಲ. ಸಾಲಿನಲ್ಲಿದ್ದ ಹೆಂಗಸರು ಸುತ್ತುಗಟ್ಟಿದರು. ಒಬ್ಬರು ಹುಣಿಸೆಹಣ್ಣು ಎಂದರು, ಇನ್ನೊಬ್ಬರು ನಿಂಬೆಹಣ್ಣು ಎಂದರು, ಮತ್ತೊಬ್ಬರು ಪೂಜೆ ಮಾಡಿದ್ದನ್ನು ಒರೆಸಿದರೆ ಒಳ್ಳೆಯದಾಗುವುದಿಲ್ಲ ಎಂದು ಎಲ್ಲರನ್ನೂ ಬೈದರು. ಪಾಪಯ್ಯನವರು ತಮ್ಮ ತಲೆಗೆ ಮೆತ್ತಿದ್ದ ಕೊಬ್ಬರಿ ಎಣ್ಣೆಯನ್ನೇ ಬೆರಳಲ್ಲಿ ತೆಗೆದು ಕಾರ್ಡಿಗೆ ತಿಕ್ಕಿದರು. ಕುಂಕುಮ ಕರಗಿ ಅವರ ಕೈಗೆ, ವೇಣುವಿನ ಅಂಗಿಗೆ, ಕೌಂಟರಿಗೆ ಹತ್ತಿತು. ಮೆಷಿನ್ನಿಗೂ ಒಂದು ಬೊಟ್ಟು ಬಿತ್ತು.

"ಲಾಸ್ಟ್ ಟ್ರೈ ಸಾರ್" ಎಂದು ಅವಳು ಕಾರ್ಡು ತೂರಿಸಿದಳು.

ಮೆಷಿನ್ನು ಯೋಚಿಸಿತು. ಕೊನೆಗೆ ಕಿರ್ರೆಂದು ರಸೀದಿ ಹೊರಬಂತು. ಅಂಗಡಿಯೇ ಚಪ್ಪಾಳೆ ತಟ್ಟಿತು. ವೇಣುವಿನ ಕಣ್ಣು ತುಂಬಿ ಬಂತು. ಹೊರಗೆ ಬಂದು ಸ್ಕೂಟರಿನ ಹತ್ತಿರ ನಿಂತಿದ್ದಾಗ ಫೋನು ಬಡಿದುಕೊಂಡಿತು. ತಿಂಗಳು ಕಾಯದೆ ಬಂದ ಮೊದಲ ಫೋನು ಅದು!

"ಸಾರ್, ಶಿಲ್ಪಶ್ರೀ! ಕಾರ್ಡ್ ಯೂಸ್ ಮಾಡಿದ್ರಲ್ಲ, ತುಂಬಾ ಥ್ಯಾಂಕ್ಸ್. ಇನ್ಮೇಲೆ ನಿಮಗೆ ನನ್ನ ಕಾಟ ಇರಲ್ಲ."

"ಅಂದ್ರೆ?"

"ನಾನು ಕಾರ್ಡ್ ಬಳಸದೇ ಇರೋರ ಸೆಕ್ಷನ್ ಸಾರ್. ನೀವೀಗ ಬಳಸೋರ ಸೆಕ್ಷನ್‌ಗೆ ಹೋದ್ರಿ. ಇನ್ನು ಅವರೇ ನೋಡ್ಕೋತಾರೆ."

ವೇಣು ಮಧ್ಯಾಹ್ನ ನುಂಗಿದ್ದ ಪ್ರಶ್ನೆ ಈಗ ತಾನಾಗಿ ಹೊರಬಿತ್ತು. "ಮತ್ತೆ... ಕ್ಲೋಸ್ ಆಗಿದ್ದಿದ್ರೆ?"

"ಅಯ್ಯೋ, ಆಗಿದ್ದಿದ್ರೆ 'ವಾಪಸ್ ಬನ್ನಿ ಸಾರ್' ಅಂತ ವಾರಕ್ಕೊಂದ್ಸಲ ನಾನೇ ಫೋನ್ ಮಾಡಿ ತಲೆ ತಿನ್ನಬೇಕಾಗಿತ್ತು. ಬಚಾವಾದ್ರಿ!" ಎಂದು ನಕ್ಕಳು. ಎಂಥಾ ನಗು ಅದು! ಆ ನಗುವನ್ನೂ ಅವನು ಅವತ್ತೇ ಮೊದಲ ಸಲ ಕೇಳಿದ್ದು. "ಕಷಾಯದ ರುಚಿ ಮರೆಯಲ್ಲ ಸಾರ್. ಬರ್ತೀನಿ."

ಪಾಪಯ್ಯನವರು ಫೋನಿನಲ್ಲಿ ಸುದ್ದಿ ಮುಟ್ಟಿಸಿದ್ದರಿಂದ ಮನೆಯಲ್ಲಿ ಮೀನಾಕ್ಷಮ್ಮ ಬಾಗಿಲಲ್ಲೇ ಕಾದಿದ್ದರು. "ಎಲ್ಲಿ, ಸೀರೆ ತೋರ್ಸು. ಕೊಟ್ಯಾ? ಏನಂದ್ಳು?"

"ನಿಮಗೇ ತಂದಿದ್ದು ಆಂಟಿ" ಎಂದು ವೇಣು ಪೊಟ್ಟಣವನ್ನು ಅವರ ಕೈಗಿಟ್ಟ. ಎಣ್ಣೆ ಮೆತ್ತಿದ ಕಾರ್ಡನ್ನೂ ಇಟ್ಟ. "ಇದನ್ನ ದೇವರ ಮುಂದೆ ಇಟ್ಬಿಡಿ. ಈ ಸಲ ಕುಂಕುಮ ಇನ್ನೂ ದಪ್ಪಗೆ ಹಚ್ಚಿ. ಇನ್ನೊಂದು ವರ್ಷ ಯಾವ ಮೆಷಿನ್ನೂ ಇದನ್ನ ಓದಬಾರ್ದು."

ಒಂದು ವರ್ಷ ತಾನೇ, ಕಾದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತ ಮೆಟ್ಟಿಲು ಹತ್ತುತ್ತಿದ್ದಾಗ ಫೋನು ಮತ್ತೆ ಬಡಿದುಕೊಂಡಿತು. ಅದೇ ಬ್ಯಾಂಕು. ವೇಣು ತಟ್ಟನೆ ಎತ್ತಿದ.

"ನಮಸ್ಕಾರ, ಕರಿಬಸವಯ್ಯ ಅಂತ, ಕಾರ್ಡ್ ಬಳಸೋರ ಸೆಕ್ಷನ್ನಿಂದ" ಎಂದಿತು ಗುಡುಗಿನಂಥ ಗಂಟಲು. "ಇನ್ಮೇಲೆ ಪ್ರತಿ ಶನಿವಾರ ನಾನೇ ಮಾತಾಡ್ತೀನಿ. ಊಟ ಆಯ್ತಾ ಸಾರ್?"